ಮಾವನವರ ಮಂಡಿಯೂ ಜಪಾನಿನ ಕುಸ್ತಿಯೂ

ಪ್ರತಿಯೊಬ್ಬ ಅಳಿಯನಿಗೂ ಮಾವನಿಂದ ಮುಚ್ಚಿಡಬೇಕಾದ ಒಂದಾದರೂ ಗುಟ್ಟು ಇದ್ದೇ ಇರುತ್ತದೆ ಎಂದು ನಾನು ನಂಬಿದ್ದೇನೆ. ಕೆಲವರಿಗೆ ಬೀಡಿ, ಕೆಲವರಿಗೆ ಇಸ್ಪೀಟು. ನನ್ನ ಗೆಳೆಯನೊಬ್ಬ ತಲೆಯ ಮೇಲಿನ ಕೂದಲು ತನ್ನದಲ್ಲ ಎಂಬ ಸಂಗತಿಯನ್ನು ಹನ್ನೊಂದು ವರ್ಷದಿಂದ ಮಾವನ ಮನೆಯಲ್ಲಿ ಕಾಪಾಡಿಕೊಂಡು ಬಂದಿದ್ದಾನೆ. ಅಲ್ಲಿ ಯಾರಾದರೂ ಫ್ಯಾನು ಜೋರು ಮಾಡಿದರೆ ಸಾಕು, ಎದ್ದು ಅಂಗಳಕ್ಕೆ ಹೋಗಿಬಿಡುತ್ತಾನೆ. ನನ್ನ ಗುಟ್ಟು ಇವೆಲ್ಲಕ್ಕಿಂತ ವಿಚಿತ್ರವಾದದ್ದು. ನನಗೆ ಒಂದು ಹಳೆಯ ಜಪಾನಿ ಕುಸ್ತಿಯ ಮೇಲೆ ಮನಸ್ಸಾಗಿತ್ತು. ಕುಸ್ತಿ ಎಂಬ ವಿದ್ಯೆಯ ಮೇಲಲ್ಲ, ಒಂದೇ ಒಂದು ಪಂದ್ಯದ ಮೇಲೆ. ನಾನು ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಜಪಾನಿನ ಯಾವುದೋ ಊರಿನಲ್ಲಿ ಇಬ್ಬರು ಆಡಿದ, ಇಪ್ಪತ್ತು ನಿಮಿಷದ, ಬಣ್ಣ ಮಾಸಿದ ಪಂದ್ಯ ಅದು. ಅದನ್ನು ಫೋನಿನಲ್ಲಿ ಕದ್ದು ಕದ್ದು ಎಷ್ಟು ಸಲ ನೋಡಿದ್ದೇನೆಂದರೆ, ಪ್ರೇಕ್ಷಕರಲ್ಲೊಬ್ಬ ಎಷ್ಟನೆಯ ನಿಮಿಷಕ್ಕೆ ಕೆಮ್ಮುತ್ತಾನೆ ಎಂಬುದೂ ನನಗೆ ಬಾಯಿಪಾಠವಾಗಿದೆ.

ಇದರಲ್ಲಿ ಮುಚ್ಚಿಡುವಂಥದ್ದೇನು ಎಂದು ನೀವು ಕೇಳಬಹುದು. ನನ್ನ ಮಾವ ಯಾರೆಂದು ಗೊತ್ತಾದರೆ ಕೇಳುವುದಿಲ್ಲ. ಅವರು ಫಕ್ಕೀರಪ್ಪ ವಸ್ತಾದರು. ನವಲಗುಂದದಿಂದ ಯಮನೂರಿನ ಕಡೆ ಹೋಗುವ ಹಾದಿಯಲ್ಲಿ ಅವರ ಊರು. ಆ ಊರಿನ ಗರಡಿಮನೆಗೆ ಅವರೇ ಗುರು. ನಲವತ್ತು ವರ್ಷ ಆ ಗರಡಿಯ ಮಣ್ಣಿನಲ್ಲಿ ಹುಡುಗರನ್ನು ತಿದ್ದಿ ತೀಡಿದವರು. ಕುಸ್ತಿಯ ವಿಷಯದಲ್ಲಿ ಅವರದು ಬಲು ಕಟ್ಟುನಿಟ್ಟು. ಒಮ್ಮೆ ಕುಂದಗೋಳದ ಕಡೆಯ ಒಂದು ಊರಿನಲ್ಲಿ ಇಬ್ಬರು ಪೈಲವಾನರು ಯಾರು ಗೆಲ್ಲಬೇಕೆಂದು ಮೊದಲೇ ಮಾತಾಡಿಕೊಂಡು ಅಖಾಡಕ್ಕೆ ಇಳಿದಿದ್ದರಂತೆ. ಮಾವನವರಿಗೆ ಮೂರನೆಯ ಪಟ್ಟಿಗೇ ಗೊತ್ತಾಗಿಹೋಯಿತು. ಹೆಗಲ ಮೇಲಿನ ಟಾವೆಲ್ಲು ಝಾಡಿಸಿ ಎದ್ದು ಬಂದವರು ಇವತ್ತಿನವರೆಗೂ ಆ ಊರಿನಲ್ಲಿ ನೀರು ಕುಡಿದಿಲ್ಲ. ಆ ಊರಿನ ಬೀಗರ ಮನೆಯ ಮದುವೆಗೆ ಹೋದಾಗಲೂ ಮನೆಯಿಂದಲೇ ನೀರಿನ ಚಂಬು ಒಯ್ದಿದ್ದರು. ಇನ್ನು ನನ್ನ ಜಪಾನಿ ಪಂದ್ಯವೋ, ಯಾರು ಗೆಲ್ಲಬೇಕೆಂದು ಮೊದಲೇ ಗೊತ್ತು ಮಾಡಿಕೊಂಡೇ ಆಡಿದ್ದು. ಅಲ್ಲಿ ಅದೇ ಪದ್ಧತಿ. ನನ್ನ ಸ್ಥಿತಿ ಈಗ ನಿಮಗೆ ಅರ್ಥವಾಗಿರಬೇಕು.

ಮಾವನವರಿಗೂ ನನಗೂ ಜಗಳವೇನೂ ಇರಲಿಲ್ಲ. ಜಗಳವಾಡುವಷ್ಟು ಸಲಿಗೆಯೇ ಇರಲಿಲ್ಲ. ಹೆಣ್ಣು ನೋಡಲು ಹೋದ ದಿನ ನಮ್ಮ ಕಡೆಯವರೆಲ್ಲ ಹೆಣ್ಣನ್ನು ನೋಡಿದರು, ಅವರು ನನ್ನನ್ನು ನೋಡಿದರು. ಉಪ್ಪಿಟ್ಟಿನ ತಾಟು ಕೈಗೆ ಕೊಡುವ ನೆಪದಲ್ಲಿ ನನ್ನ ರಟ್ಟೆಯನ್ನು ಎರಡು ಬೆರಳಿನಿಂದ ಹಿಡಿದು, ಸಂತೆಯಲ್ಲಿ ಹೋರಿ ನೋಡುವವರ ಹಾಗೆ ಒಮ್ಮೆ ಅದುಮಿ, "ಇರ್ಲಿ ಬಿಡ್ರಿ, ಓದಾವ್ರು ಅದಾರ" ಎಂದರು. ನನ್ನ ಮದುವೆಯಾದದ್ದು ಆ ರಿಯಾಯಿತಿಯ ಮೇಲೆ. ಮುಂದೆ ನಾನು ಅಣ್ಣಿಗೇರಿಯ ಹತ್ತಿರದ ಹಳ್ಳಿಯೊಂದರ ಪಂಚಾಯ್ತಿ ಗ್ರಂಥಾಲಯಕ್ಕೆ ಮೇಲ್ವಿಚಾರಕನಾದಾಗ ಅವರಿಗೆ ಸಮಾಧಾನವಾಯಿತು. ಈ ಮೈಗೆ ಪುಸ್ತಕಕ್ಕಿಂತ ಭಾರದ್ದನ್ನು ಎತ್ತುವ ಕೆಲಸ ಸಿಕ್ಕದಿದ್ದುದೇ ಒಳ್ಳೆಯದಾಯಿತು ಎಂದು ಮಗಳ ಹತ್ತಿರ ಹೇಳಿದರಂತೆ. ಹದಿನೆಂಟು ವರ್ಷದಿಂದ ಅವರು ನನ್ನನ್ನು ಕರೆಯುವುದು "ಅಳಿಯಾರ" ಎಂದೇ. ಬರ್ರಿ, ಕುಂದರ್ರಿ, ಉಣ್ರಿ. ಅದೇ ಗರಡಿಯ ಹುಡುಗರು ಬಂದರೆ "ಏನಲೇ", "ಬಾರಲೇ", "ತಿನ್ನಲೇ". ನಮ್ಮ ಕಡೆ ಮರ್ಯಾದೆ ಕೊಡಬೇಕಾದವರಿಗೆ ರೀ ಅನ್ನುತ್ತಾರೆ, ಜೀವಕ್ಕೆ ಹತ್ತಿರದವರಿಗೆ ಲೇ ಅನ್ನುತ್ತಾರೆ. ಹದಿನೆಂಟು ವರ್ಷ ರೀ ಅನ್ನಿಸಿಕೊಂಡವನು ಹದಿನೆಂಟು ವರ್ಷ ಪಡಸಾಲೆಯಲ್ಲೇ ಕೂತ ಹಾಗೆ. ಆ ಒಂದು ಲೇಗಾಗಿ ನಾನು ಒಳಗೊಳಗೇ ಹಂಬಲಿಸುತ್ತಿದ್ದೆ ಎಂದು ಹೇಳಿದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ.

ಹೀಗಿರುವಾಗ ಹೋದ ಬೇಸಿಗೆಯಲ್ಲಿ ಮಾವನವರ ಮಂಡಿ ಚಿಪ್ಪು ಬಿರುಕು ಬಿಟ್ಟಿತು. ಬೀಳಿಸಿದ್ದು ಒಂದು ಹೋತ. ಅರವತ್ತೆಂಟು ವರ್ಷದಲ್ಲಿ ಯಾವ ಪೈಲವಾನನಿಗೂ ಸುಲಭಕ್ಕೆ ಬೆನ್ನು ಕೊಡದ ಮನುಷ್ಯ, ಬಾಗಿ ದನದ ಗೂಟ ಬಡಿಯುತ್ತಿದ್ದಾಗ ಬಾಜು ಮನೆಯ ಹೋತ ಹಿಂದಿನಿಂದ ಓಡಿಬಂದು ಗುದ್ದಿತು. ಮಂಡಿ ಹೋಗಿ ಕಲ್ಲಿಗೆ ಬಡಿಯಿತು. ನೋಡಲು ಬಂದವರೆಲ್ಲ ಹೇಗಾಯಿತು ಎಂದು ಕೇಳುವವರೇ. ಮಾವನವರಿಗೆ ಅದೇ ಮುರಿದ ಮಂಡಿಗಿಂತ ದೊಡ್ಡ ನೋವಾಯಿತು. "ಬೆನ್ನ ಹಿಂದಿಂದ ಬಂತ್ರಿ ಅದು. ಸಲಾಮಿ ಇಲ್ಲ, ಕೈ ಕೊಡೂದಿಲ್ಲ, ಏನಿಲ್ಲ. ಅದಕ್ಕ ಕುಸ್ತಿ ಅಂತಾರೇನ್ರಿ?" ಎಂದು ಪ್ರತಿಯೊಬ್ಬರಿಗೂ ವಿವರಿಸುತ್ತಿದ್ದರು. ಹೋತ ಗೆದ್ದಿದೆ ಎಂದು ಯಾರೂ ತೀರ್ಪು ಕೊಟ್ಟಿರಲಿಲ್ಲ, ಆದರೂ ಅವರು ಅಪೀಲು ಮಾಡುತ್ತಲೇ ಇದ್ದರು.

ಪ್ಲಾಸ್ಟರು ಬಿಚ್ಚಿದ ಮೇಲೆ ಹುಬ್ಬಳ್ಳಿಯ ಆಸ್ಪತ್ರೆಗೆ ಓಡಾಡಲು ಅನುಕೂಲವಾಗಲೆಂದು ನನ್ನ ಹೆಂಡತಿ ಸರೋಜಾ ಅಪ್ಪನನ್ನು ಅಣ್ಣಿಗೇರಿಯ ನಮ್ಮ ಮನೆಗೆ ಕರೆದುಕೊಂಡು ಬಂದಳು. ಮಂಡಿ ಬಿರುಸಾಗಿ ನಿಂತುಬಿಟ್ಟಿತ್ತು, ಅರ್ಧಕ್ಕಿಂತ ಹೆಚ್ಚು ಮಡಚುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಡಾಕ್ಟರು ಒಬ್ಬ ಹೆಣ್ಣುಮಗಳು. ದಿನಾ ಎರಡು ಹೊತ್ತು ಮನೆಯವರು ಯಾರಾದರೂ ಪಾದ ಹಿಡಿದು ಮೆಲ್ಲಗೆ ಮಡಚಬೇಕು, ನೋವು ಎಲ್ಲಿ ಶುರುವಾಗುತ್ತದೋ ಅಲ್ಲಿ ನಿಲ್ಲಿಸಬೇಕು, ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಮುಂದೆ ಹೋಗಬೇಕು ಎಂದು ಆಕೆ ನನಗೆ ತೋರಿಸಿಕೊಟ್ಟಳು. ಎರಡು ತಿಂಗಳೊಳಗೆ ಸಡಿಲವಾದರೆ ಆಯಿತು, ಇಲ್ಲವಾದರೆ ಅದು ಹಾಗೆಯೇ ನಿಂತುಬಿಡುತ್ತದೆ ಎಂದೂ ಹೇಳಿದಳು. ಆಮೇಲೆ ಮಾವನವರ ಮಂಡಿಯನ್ನು ಒಂದಿಷ್ಟು ಮಡಚಿ, "ಅಜ್ಜಾರ, ನೋವಾಗತೈತೇನ್ರಿ?" ಎಂದಳು. ಹಣೆಯ ಮೇಲೆ ಬೆವರು ಇಳಿಯುತ್ತಿತ್ತು. ಮಾವನವರು, "ಏನಿಲ್ಲವಾ, ಅಗದಿ ಬೇಷ್ ಐತಿ" ಎಂದರು. ನೋವು ಎಲ್ಲಿ ಶುರುವಾಗುತ್ತದೆ ಎಂದು ಹೇಳಲೊಲ್ಲದ ರೋಗಿಯನ್ನು ಕಟ್ಟಿಕೊಂಡು ಯಾವ ಡಾಕ್ಟರು ಏನು ಮಾಡಿಯಾಳು?

ಮನೆಯಲ್ಲಂತೂ ಅವರು ನನಗೆ ಕಾಲು ಮುಟ್ಟಲೂ ಕೊಡಲಿಲ್ಲ. ನಾನು ಹಿಡಿದು ಮಡಚಿದಾಗ ಬಾಯಿಂದ ಒಂದು "ಅವ್ವಾ" ಹೊರಟರೆ? ಅದೂ ಅಳಿಯನ ಮುಂದೆ? "ನಾ ಮಾಡ್ಕೊತೀನ್ರಿ, ನೀವು ಲೈಬ್ರರಿಗೆ ಹೋಗ್ರಿ" ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಳಗೆ ಮಾಡುತ್ತಿದ್ದದ್ದು ರೇಡಿಯೋ ಕೇಳುವುದು. ಅವರ ಚಿಂತೆ ಏನೆಂದು ಸರೋಜಾಳಿಗೆ ಗೊತ್ತಿತ್ತು. ಪ್ರತಿ ವರ್ಷ ನಾಗರ ಪಂಚಮಿಗೆ ಮುಂಚೆ ಅವರ ಊರಿನ ಗರಡಿಯಲ್ಲಿ ಮಣ್ಣು ತಿರುವಿ ಹಾಕುತ್ತಾರೆ. ಎಣ್ಣೆ, ಅರಿಷಿಣ, ಮಜ್ಜಿಗೆ, ಲಿಂಬೆಹಣ್ಣಿನ ರಸ ಸುರಿದು ಹೊಸದಾಗಿ ಹದ ಮಾಡುತ್ತಾರೆ. ಹಿರಿಯ ವಸ್ತಾದ ಅಖಾಡದ ನಡುವೆ ಚಕ್ಕಳಮಕ್ಕಳ ಹಾಕಿ ಕೂತು ಮೊದಲ ಬೊಗಸೆ ಮಣ್ಣು ಕಲಸಬೇಕು. ಆಮೇಲೆಯೇ ಉಳಿದವರು ಕೈ ಹಾಕುವುದು. ಕೂರಲಾಗದವನು ವಸ್ತಾದ ಅಲ್ಲ. ಈ ಸಲ ಬೇಕಾದರೆ ಕುರ್ಚಿ ಹಾಕೋಣ ಎಂದು ಮೈದುನ ಊರಿನಿಂದ ಫೋನು ಮಾಡಿ ಹೇಳಿದ್ದೇ ತಪ್ಪಾಯಿತು. "ಕುರ್ಚಿ ಮ್ಯಾಲ ಕುಂತ ಮಣ್ಣ ಕಲಸಾಕ ನಾ ಏನ್ ತಹಶೀಲ್ದಾರ ಏನಲೇ?" ಎಂದು ಕೂಗಿದ್ದು ಬೀದಿಯ ಕೊನೆಯವರೆಗೆ ಕೇಳಿಸಿತು. ಕೂಗಿ ಫೋನಿಟ್ಟ ಮೇಲೆ ಬಹಳ ಹೊತ್ತು ತಮ್ಮ ಮಂಡಿಯನ್ನೇ ನೋಡುತ್ತ ಕೂತಿದ್ದರು.

ಜಪಾನು ನನ್ನ ಬಾಳಿಗೆ ಬಂದದ್ದು ಈ ಮಂಡಿಯ ದಾರಿಯಿಂದಲೇ. ಗ್ರಂಥಾಲಯದಲ್ಲಿ ಮಧ್ಯಾಹ್ನ ಓದುಗರು ಮೂರೇ ಜನ. ಅವರಲ್ಲಿ ಇಬ್ಬರು ಫ್ಯಾನಿನ ಗಾಳಿಗೆ ಬಂದವರು. ಮಂಡಿ ಮಡಚುವ ವ್ಯಾಯಾಮವನ್ನು ಫೋನಿನಲ್ಲಿ ಹುಡುಕುತ್ತ ಕೂತಿದ್ದೆ. ಒಂದಾದ ಮೇಲೊಂದು ನೋಡುತ್ತಿದ್ದ ಹಾಗೆ ಫೋನು ತನ್ನ ಬುದ್ಧಿಗೆ ತೋಚಿದ್ದನ್ನು ಮುಂದಿಟ್ಟಿತು: ಒಬ್ಬ ಜಪಾನಿಯವ ಇನ್ನೊಬ್ಬನ ಮಂಡಿ ಮಡಚುತ್ತಿದ್ದಾನೆ. ವ್ಯಾಯಾಮಕ್ಕಲ್ಲ, ಮುರಿಯಲಿಕ್ಕೆ.

ಟೀವಿಯಲ್ಲಿ ನಾವು ನೋಡುವ ಕುಸ್ತಿಯಂತಲ್ಲ ಅದು. ಮುಖವಾಡವಿಲ್ಲ, ಕುರ್ಚಿಯಿಂದ ಹೊಡೆಯುವುದಿಲ್ಲ, ಹಗ್ಗದ ಮೇಲಿಂದ ಹಾರುವುದಿಲ್ಲ, ಬಾಯಿ ಮಾಡುವುದಿಲ್ಲ. ಕರಿ ಚಡ್ಡಿ ಹಾಕಿದ ಇಬ್ಬರು. ಹೆಸರುಗಳು ನನ್ನ ನಾಲಿಗೆಗೆ ಹೊರಳಲಿಲ್ಲ, ನಾನೇ ಇಟ್ಟುಕೊಂಡೆ. ವಯಸ್ಸಾದವನ ಬಲಮಂಡಿಗೆ ಬಿಳಿ ಪಟ್ಟಿ ಸುತ್ತಿತ್ತು, ಅವನು ಪಟ್ಟಿಯಣ್ಣ. ಕಿರಿಯವನು ಝಾಡಿಸಿ ಒದೆಯುವವನು, ಅವನು ಝಾಡಿಸಪ್ಪ. ಝಾಡಿಸಪ್ಪ ಒದ್ದರೆ ಸಾವಿರ ಜನ ಕೂತ ಆ ಸಭೆಯಲ್ಲಿ ಆ ಒಂದು ಸದ್ದು ಬಿಟ್ಟು ಬೇರೇನೂ ಕೇಳಿಸದು. ಪಟ್ಟಿಯಣ್ಣ ಒದೆ ತಿನ್ನುತ್ತ ತಿನ್ನುತ್ತ, ಒಂದು ಗಳಿಗೆಯಲ್ಲಿ ಆ ಹಾರಿಬಂದ ಕಾಲನ್ನೇ ಎದೆಗೆ ಅವುಚಿ ಹಿಡಿದುಬಿಡುತ್ತಾನೆ. ಆಗ ಸಭೆಯೆಲ್ಲ ಒಮ್ಮೆ ಉಸಿರೆಳೆದುಕೊಳ್ಳುತ್ತದೆ. ಆಮೇಲೆ ಇಬ್ಬರೂ ನೆಲಕ್ಕೆ ಬೀಳುತ್ತಾರೆ. ಅಲ್ಲಿಂದ ಅದು ನಿಧಾನದ ಕೆಲಸ. ಇವನು ತೋಳು ಹುಡುಕುತ್ತಾನೆ, ಅವನು ನುಣುಚುತ್ತಾನೆ. ಅವನು ಪಾದ ಹುಡುಕುತ್ತಾನೆ, ಇವನು ಹೊರಳುತ್ತಾನೆ. ಕೈಯೋ ಕಾಲೋ ಸಿಕ್ಕಿಬಿದ್ದಾಗ ಅಂಚಿನ ಹಗ್ಗ ಮುಟ್ಟಿದರೆ ತೀರ್ಪು ಕೊಡುವ ಪಂಚ ಬಂದು ಬಿಡಿಸಬೇಕು. ಪಟ್ಟಿಯಣ್ಣ ಮಂಡಿ ಸಿಕ್ಕಿಸಿಕೊಂಡು ಹಗ್ಗದ ಕಡೆ ಗೇಣು ಗೇಣಾಗಿ ತೆವಳುವುದನ್ನು ನೋಡುವಾಗ ನಾನು ಗ್ರಂಥಾಲಯದ ಮೇಜಿನ ಅಂಚನ್ನು ಹಿಡಿದುಕೊಂಡಿರುತ್ತಿದ್ದೆ. ಕೊನೆಗೆ ಇನ್ನು ಒಂದು ಮೊಳವಿರುವಾಗ ಅವನ ಕೈ ನೆಲಕ್ಕೆ ಪಟಪಟ ಬಡಿಯುತ್ತದೆ. ಪಂದ್ಯ ಮುಗಿಯುತ್ತದೆ. ಝಾಡಿಸಪ್ಪ ಅವನ ಪಕ್ಕದಲ್ಲಿ ಮಂಡಿಯೂರಿ, ಬಾಯಿಯ ಹತ್ತಿರ ಕಿವಿ ತಂದು ಏನೋ ಕೇಳುತ್ತಾನೆ. ಒದೆಗಳು ಖರೆ, ಬಾವು ಖರೆ, ಸೋಲು ಮಾತ್ರ ಮೊದಲೇ ಮಾತಾಡಿದ್ದು ಎಂದು ಆಮೇಲೆ ಎಲ್ಲೋ ಓದಿದೆ. ಮನಸ್ಸು ಒಪ್ಪಲಿಲ್ಲ. ಒಪ್ಪದೆ ಮತ್ತೆ ಮತ್ತೆ ನೋಡಿದೆ.

ಒಂದು ಭಾನುವಾರ ಮಧ್ಯಾಹ್ನ ಊಟ ಮಾಡಿ, ಫೋನನ್ನು ನೀರಿನ ಚಂಬಿಗೆ ಆನಿಸಿಟ್ಟು ನೋಡುತ್ತಿದ್ದೆ. ಮಾವನವರು ಕೋಲೂರಿಕೊಂಡು ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ.

"ಏನ್ರಿ ಅದು?"

"ಕುಸ್ತಿರಿ, ಮಾವಾರ. ಜಪಾನಿನವ್ರು" ಎಂದೆ, ಬೀಡಿ ಸೇದುತ್ತ ಸಿಕ್ಕಿಬಿದ್ದವನ ದನಿಯಲ್ಲಿ.

ಅವರು ಕಾಲು ನೀಡಿಕೊಂಡು ಮಂಚದ ಮೇಲೆ ಕೂತರು. "ಮಣ್ಣ ಎಲ್ಲೈತಿ?"

"ಮಣ್ಣಿಲ್ರಿ, ಗಾದಿ ಹಾಕ್ಯಾರ."

"ಗಾದಿ ಮ್ಯಾಲ ಮಲಗತಾರ್ರಿ, ಕುಸ್ತಿ ಹಿಡ್ಯಾಂಗಿಲ್ಲ" ಎಂದರು. ಆದರೆ ಎದ್ದು ಹೋಗಲಿಲ್ಲ. ಎರಡು ನಿಮಿಷಕ್ಕೆ ಝಾಡಿಸಪ್ಪ ಪಟ್ಟಿಯಣ್ಣನನ್ನು ಎತ್ತಿ ಕೆಡವಿದ, ಪಟ್ಟಿಯಣ್ಣ ಅಂಗಾತ ಬಿದ್ದ. ಮಾವನವರು ತೊಡೆ ತಟ್ಟಿ, "ಚಿತ್! ಆತು, ಮುಗೀತು. ಸರೋಜಾ, ಚಾ ಇಡವಾ" ಎಂದು ಕೋಲಿಗೆ ಕೈ ಹಾಕಿದರು. ನಮ್ಮ ಮಣ್ಣಿನಲ್ಲಿ ಎರಡೂ ಭುಜ ನೆಲಕ್ಕೆ ಹತ್ತಿದವೆಂದರೆ ಪಂದ್ಯ ಮುಗಿದಂತೆ. ಮುಂದಿನದು ಗೆದ್ದವನಿಗೆ ಹಲಗೆ ಬಾರಿಸುವವರ ಕೆಲಸ. ಅವರ ನಿಯಮದಲ್ಲಿ ಅಂಗಾತ ಬಿದ್ದವನೂ ಆಡಬಹುದು ಎಂದು ನಾನು ವಿವರಿಸಿದೆ. "ಬೆನ್ನಿಗೆ ನೆಲ ಹತ್ತಿದ ಮ್ಯಾಲೂ ಆಡತಾರ? ಸತ್ತ ಮ್ಯಾಲೂ ಉಣ್ಣಾಕ ಕುಂತಂಗಾತಲ್ರಿ!" ಎಂದು ನಕ್ಕರು. ನಗುತ್ತಲೇ ಫೋನಿನ ಕಡೆ ಬಾಗಿದರು. ಯಾಕೆಂದರೆ ಕೆಳಗೆ ಬಿದ್ದ ಪಟ್ಟಿಯಣ್ಣ ಅಲ್ಲಿಂದಲೇ ಮೇಲಿನವನ ತೋಳನ್ನು ಕಾಲುಗಳ ಕತ್ತರಿಯಲ್ಲಿ ಸಿಕ್ಕಿಸಿದ್ದ. ಮಾವನವರ ಕೈ ಕೋಲನ್ನು ಬಿಟ್ಟಿತು.

ಆಮೇಲಿನ ಹದಿನೆಂಟು ನಿಮಿಷ ನಮ್ಮ ಮನೆ ಗರಡಿಯಾಯಿತು. "ಕಾಲ ತಗೀಲೇ! ಎಡಗಾಲ! ಹಾಂ!" ಎಂದು ಅವರು ಜಪಾನಿನವರಿಗೆ ಕನ್ನಡದಲ್ಲಿ ಹೇಳಿಕೊಡುತ್ತಿದ್ದರು, ಆಶ್ಚರ್ಯವೆಂದರೆ ಇವರು ಹೇಳಿದ ಹಾಗೆಯೇ ಅವರು ಮಾಡುತ್ತಿದ್ದರು. ಸರೋಜಾ ತಂದಿಟ್ಟ ಚಹಾ ಕೆನೆಗಟ್ಟಿತು. ಪಟ್ಟಿಯಣ್ಣನ ಮಂಡಿ ಸಿಕ್ಕಿಬಿದ್ದಾಗ ಮಾವನವರು ತಮ್ಮ ಮಂಡಿಯನ್ನೇ ಎರಡೂ ಕೈಯಲ್ಲಿ ಹಿಡಿದುಕೊಂಡರು. ಪಟ್ಟಿಯಣ್ಣ ತೆವಳಿದ. ಒಂದು ಮೊಳ ಉಳಿಯಿತು. ಕೈ ನೆಲಕ್ಕೆ ಪಟಪಟ ಬಡಿಯಿತು. ಮಾವನವರು ಕೂತಲ್ಲಿಂದಲೇ ಹಾರಿದರು.

"ಶಡ್ಡ ಹೊಡದಾ! ನೋಡಲೇ! ಕಾಲ ಮುರ್ಯಾಕ ಬಂದ್ರೂ ಶಡ್ಡ ಹೊಡದಾ, ಗಂಡಸ ಮಗಾ! ಹೆದರಿ ಬಿಟ್ಟಾ ನೋಡಲೇ ಆ ಒದ್ಯಾಂವ!"

ನಮ್ಮ ಕಡೆ ಪೈಲವಾನನ ಅಂಗೈ ತೊಡೆಗೆ ಬೀಳಲಿ, ಮಣ್ಣಿಗೆ ಬೀಳಲಿ, ಅದರ ಅರ್ಥ ಒಂದೇ: ಬಾ, ನೋಡೇಬಿಡ್ತೀನಿ. ಅಂಗೈ ಬಡಿದು "ಸಾಕು, ಬಿಡು" ಎನ್ನಬಹುದೆಂಬ ಕಲ್ಪನೆಯೇ ಅವರಿಗೆ ಇರಲಿಲ್ಲ. ಶಡ್ಡು ಹೊಡೆದ ಕೂಡಲೇ ಎದುರಾಳಿ ಪಟ್ಟು ಬಿಟ್ಟು ಎದ್ದುಬಿಟ್ಟ. ಹಾಗಾದರೆ ಗೆದ್ದವರು ಯಾರು? ಅವರ ಕಣ್ಣು ಒದ್ದೆಯಾಗಿತ್ತು. ನಾನು ತಿದ್ದಬೇಕಿತ್ತು. ಬಾಯಿ ತೆರೆದೆ ಕೂಡ. ಆದರೆ ಅವರು ನನಗೆ ಲೇ ಅಂದಿದ್ದರು. ಅದೂ ಎರಡು ಸಲ. ಬಾಯಿ ಮುಚ್ಚಿದೆ.

ಮುಂದಿನ ಮೂರು ದಿನ, ಮಂಡಿ ಒಡೆದರೂ ಶಡ್ಡು ಹೊಡೆದು ವೈರಿಯನ್ನು ಓಡಿಸಿದ ಜಪಾನಿ ವಸ್ತಾದನ ಕಥೆ ನಮ್ಮ ಬೀದಿಯಲ್ಲೆಲ್ಲ ಹರಡಿತು. ಎದುರು ಮನೆಯ ಪೋಸ್ಟ್ ಮಾಸ್ತರರು ಅದನ್ನು ಎರಡು ಸಲ ಹೇಳಿಸಿ ಕೇಳಿದರು. ಮಾವನವರ ಮುಖದಲ್ಲಿ ಕಳೆ ಬಂತು. ಬಾಗಿಲು ಹಾಕಿದ ಕೋಣೆಯಿಂದ ಈಗ ರೇಡಿಯೋದ ಬದಲು ತೊಡೆ ತಟ್ಟುವ ಸದ್ದು ಬರತೊಡಗಿತು. ಅಪ್ಪನಿಗೆ ಹುರುಪು ಬಂತು ಎಂದು ನಾವು ಗಂಡಹೆಂಡತಿ ಖುಷಿಪಟ್ಟೆವು. ನಾಲ್ಕನೆಯ ದಿನ ಸರೋಜಾ ಕಸ ಗುಡಿಸಲು ಬಾಗಿಲು ದೂಡಿದರೆ, ಅವರು ಪಾದಕ್ಕೆ ಟಾವೆಲ್ಲು ಕಟ್ಟಿ, ಅದನ್ನು ಕಿಟಕಿಯ ಸರಳಿಗೆ ಸುತ್ತಿ ಹಾಕಿ, ತಮ್ಮ ಮಂಡಿಯನ್ನು ತಾವೇ ಜಗ್ಗಿ ಜಗ್ಗಿ ಮಡಚುತ್ತಿದ್ದಾರೆ. ನೋವು ಬಂದಾಗಲೆಲ್ಲ ಶಡ್ಡು ಹೊಡೆದು ಇನ್ನಷ್ಟು ಜಗ್ಗುತ್ತಿದ್ದಾರೆ. ಮಂಡಿ ಕುಂಬಳಕಾಯಿಯಾಗಿತ್ತು. ಫೋನಿನಲ್ಲಿ ಡಾಕ್ಟರು ನನ್ನನ್ನು ಬೈದ ಬೈಗುಳ ನ್ಯಾಯವಾದದ್ದೇ. ನಾಲ್ಕು ದಿನ ಪೂರ್ತಿ ವಿಶ್ರಾಂತಿ, ಹೀಗೆಯೇ ಮಾಡಿದರೆ ಆ ಕಾಲು ಜನ್ಮದಲ್ಲಿ ಮಡಚುವುದಿಲ್ಲ ಎಂದಳು. ಪಂಚಮಿಗೆ ಐದು ವಾರ ಉಳಿದಿತ್ತು.

ಸರೋಜಾಳಿಗೆ ನಾನು ಎಲ್ಲ ಹೇಳಿದ್ದೆ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಆಕೆ ನನ್ನ ಕಡೆ ತಿರುಗದೆಯೇ ಕೇಳಿದಳು: "ನಿಮ್ಮ ಲೇ ದೊಡ್ಡದೋ, ನಮ್ಮಪ್ಪನ ಕಾಲ ದೊಡ್ಡದೋ?"

ಹೋಗಿ ಹೇಳಿದೆ. "ಮಾವಾರ, ಅದು ಶಡ್ಡ ಅಲ್ರಿ. ಅವ್ರ ಕಡೆ ಹಂಗ ಕೈ ಬಡಿದ್ರ, ಸಾಕು, ಬಿಡು ಅಂತ ಅರ್ಥ್ರಿ. ಅಂವ ಸೋತಾನ್ರಿ."

ಅವರು ತಮ್ಮ ಅಂಗೈಯನ್ನು ತಿರುವಿ ನೋಡಿಕೊಂಡರು. "ಹಂಗೇನ್ರಿ, ಅಳಿಯಾರ" ಎಂದರು. ರೀ ವಾಪಸು ಬಂದಿತ್ತು. ಆ ಮಧ್ಯಾಹ್ನ ಸರೋಜಾ ಕೊಟ್ಟ ರೊಟ್ಟಿ, ಝುಣಕ ಹಾಗೆಯೇ ಆರಿಹೋದವು. ನಾನು ಒಬ್ಬ ಮನುಷ್ಯನ ಕೈಯಿಂದ ಕೋಲು ಕಸಿದುಕೊಂಡೆ ಎನ್ನಿಸಿ, ಗ್ರಂಥಾಲಯದಲ್ಲಿ ಕೂತು ದಿನಪತ್ರಿಕೆಯನ್ನು ತಲೆಕೆಳಗಾಗಿ ಓದಿದೆ.

ಸಂಜೆ ಮನೆಗೆ ಬಂದಾಗ ಅವರೇ ಕರೆದರು. "ಹಚ್ರಿ ಅದನ್ನ ಇನ್ನೊಮ್ಮೆ." ಹಚ್ಚಿದೆ. ಈ ಸಲ ಅವರು ಕೂಗಲಿಲ್ಲ. ಕೊನೆಯ ಪಟ್ಟು ಬಂದಾಗ ನಿಲ್ಲಿಸ್ರಿ ಎಂದರು, ಹಿಂದಕ್ಕೆ ತಿರುಗಿಸ್ರಿ ಎಂದರು, ಮತ್ತೆ ನೋಡಿದರು.

"ಬಡದ ಮ್ಯಾಲ ಎಷ್ಟೊತ್ತಿಗೆ ಬಿಟ್ಟಾ ನೋಡಿದ್ರೇನ್ರಿ?"

"ತಕ್ಷಣ ಬಿಟ್ಟಾನ್ರಿ."

"ತಕ್ಷಣ ಬಿಡಾಕ ಬರಬೇಕಂದ್ರ ಮೊದಲಿಂದ ತಯಾರಿರಬೇಕು. ಅಂವನ ಕೈ ನೋಡ್ರಿ. ಪೂರಾ ಜೋರ ಹಾಕಿಲ್ಲ ಅಂವ. ಜೀವ ಎಲ್ಲಾ ಕೆಳಗಿನವನ ಕೈ ಮ್ಯಾಲ ಐತಿ. ಯಾವಾಗ ಬಡೀತಾನ, ಯಾವಾಗ ಬಿಡ್ಲಿ ಅಂತ ಕಾಯಾಕತ್ತಾನ."

ನಾನು ಅಷ್ಟು ಸಲ ನೋಡಿದ್ದೆ. ಕೆಮ್ಮಿದವನನ್ನು ಕಂಡಿದ್ದೆ, ಇದನ್ನು ಕಂಡಿರಲಿಲ್ಲ. ನನ್ನ ಕಣ್ಣೆಲ್ಲ ಒದ್ದಾಡುವವನ ಮೇಲಿತ್ತು. ಹಿಡಿದವನ ಕೈಯಲ್ಲಿ ಅಷ್ಟು ಎಚ್ಚರ, ಅಷ್ಟು ಅಂಜಿಕೆ ಇದ್ದದ್ದನ್ನು ನೋಡಲು ಹಿಡಿದು ಗೊತ್ತಿದ್ದವರೇ ಬೇಕಾಯಿತು. ಆ ಧೈರ್ಯದಲ್ಲಿ ಉಳಿದ ಗುಟ್ಟನ್ನೂ ಹೇಳಿಬಿಟ್ಟೆ, ಯಾರು ಸೋಲಬೇಕೆಂದು ಅವರು ಮೊದಲೇ ಮಾತಾಡಿಕೊಂಡಿದ್ದರಂತೆ ಎಂದು. ಇನ್ನು ನಮ್ಮ ಮನೆಯಲ್ಲೂ ಇವರು ನೀರು ಕುಡಿಯುವುದಿಲ್ಲ ಎಂದುಕೊಂಡೆ.

"ಸೋಲಾಂವಗ ಮೊದಲ ಗೊತ್ತಿತ್ತ?"

"ಗೊತ್ತಿತ್ತಂತ್ರಿ."

"ಗೊತ್ತಿದ್ದೂ ಹಗ್ಗಕ್ಕ ಅಷ್ಟ ದೂರ ತೆವಳಿದ್ನ?"

"ಹೌದ್ರಿ."

ಮಾವನವರು ಟಾವೆಲ್ಲಿನಿಂದ ಮುಖ ಒರೆಸಿಕೊಂಡರು. "ಕುಂದಗೋಳ ಕಡೆಯ ಆ ಇಬ್ರು ಹಿಂಗ ಆಡಿದ್ರ ನಾ ಎದ್ದ ಬರ್ತಿರಲಿಲ್ರಿ. ಭಾಡ್ಯಾಗೋಳಿಗೆ ಸುಳ್ಳ ಆಡಾಕೂ ಬರ್ತಿರಲಿಲ್ಲ" ಎಂದರು. ಆಮೇಲೆ ಚಂಬು ಎತ್ತಿ ಗಟಗಟ ನೀರು ಕುಡಿದರು.

ನಾಲ್ಕು ದಿನ ಕಳೆದು ಬಾವು ಇಳಿದ ಮೇಲೆ ಅವರೇ ಮಂಚದ ಮೇಲೆ ಬೋರಲು ಮಲಗಿ, "ಬರ್ರಿ, ಹಿಡೀರಿ" ಎಂದರು. ಕರಾರು ಹೀಗಿತ್ತು: ಬಾಯಿ ಮಾತಿಲ್ಲ. ನೋವು ಶುರುವಾದರೆ ಅವರು ಮಂಚದ ಪಟ್ಟಿಗೆ ಕೈ ಬಡಿಯಬೇಕು, ಬಡಿದ ಕೂಡಲೇ ನಾನು ಬಿಡಬೇಕು. ಪಾದವನ್ನು ಕೈಗೆ ತೆಗೆದುಕೊಂಡೆ. ನಲವತ್ತು ವರ್ಷದ ಮಣ್ಣು ತಿಂದ ಪಾದ, ನನ್ನ ಎರಡು ಅಂಗೈಗಿಂತ ದೊಡ್ಡದು. ಮೊದಲ ದಿನ ಅವರು ಬಡಿಯಲೇ ಇಲ್ಲ. ಕುತ್ತಿಗೆಯ ನರ ಉಬ್ಬಿದ್ದು ನೋಡಿ ಹೆದರಿ ನಾನೇ ಬಿಟ್ಟೆ. "ನಾ ಬಡದಿದ್ನೇನ್ರಿ? ಮತ್ಯಾಕ ಬಿಟ್ರಿ?" ಎಂದು ರೇಗಿದರು. ಎರಡನೆಯ ದಿನ ಒಂದು ಬೆರಳು ಮಂಚದ ಪಟ್ಟಿಯನ್ನು ಮುಟ್ಟಿದ ಹಾಗೆ ಮಾಡಿತು. ಬಡಿತವೋ ತುರಿಕೆಯೋ ತಿಳಿಯದೆ ಬಿಟ್ಟೆ. ಮೂರನೆಯ ದಿನ ಇಡೀ ಅಂಗೈ ಬಿತ್ತು, ಪಟ್ ಎಂದು. ಬಿಟ್ಟುಬಿಟ್ಟೆ. ಕೋಣೆಯಲ್ಲಿ ಇಬ್ಬರೂ ಮೇಲುಸಿರು ಬಿಡುತ್ತಿದ್ದೆವು. ಅರವತ್ತೆಂಟು ವರ್ಷ ಯಾರಿಗೂ ಸಾಕು ಎನ್ನದ ಮನುಷ್ಯ ಅದನ್ನು ನನಗೆ ಅಂದಿದ್ದರು. ಲೇ ಅಂದದ್ದಕ್ಕಿಂತ ಅದು ದೊಡ್ಡದು ಎಂದು ನನಗೆ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಅಲ್ಲಿಂದ ದಿನಾ ಎರಡು ಹೊತ್ತು ನಮ್ಮ ಕುಸ್ತಿ ನಡೆಯಿತು. ಬಡಿತದ ಸದ್ದು ಕೇಳಿ ಪೋಸ್ಟ್ ಮಾಸ್ತರರು ಸರೋಜಾಳನ್ನು ಪಕ್ಕಕ್ಕೆ ಕರೆದು, ಮಾವ ಅಳಿಯ ಹೊಡೆದಾಡಿಕೊಳ್ಳುತ್ತಾರೇನು ಎಂದು ವಿಚಾರಿಸಿದರು. ಹುಬ್ಬಳ್ಳಿಯಲ್ಲಿ ಡಾಕ್ಟರು ಮಂಡಿ ಮಡಚಿ ನೋವಾಗುತ್ತದೆಯೇ ಎಂದಾಗ ಮಾವನವರು ಆಕೆಯ ಮೇಜಿಗೆ ಒಂದು ಬಡಿದರು. ಪೆನ್ನುಗಳೆಲ್ಲ ಎದ್ದು ಕೂತವು. ಆಕೆ ಬೆಚ್ಚಿಬಿದ್ದಳು. ಅರ್ಥ ವಿವರಿಸಿದ ಮೇಲೆ ನಕ್ಕು, ಉಳಿದ ರೋಗಿಗಳಿಗೂ ಇದನ್ನೇ ಹೇಳಿಕೊಡುತ್ತೇನೆ ಎಂದಳು.

ಪಂಚಮಿಗೆ ಮುಂಚಿನ ಭಾನುವಾರ ಗರಡಿಯಲ್ಲಿ ಮಾವನವರು ಒಂದು ಕೈ ನೆಲಕ್ಕೂರಿ, ನಿಧಾನವಾಗಿ ಇಳಿದು, ಮಣ್ಣಿನ ನಡುವೆ ಚಕ್ಕಳಮಕ್ಕಳ ಹಾಕಿ ಕೂತರು. ಮಂಡಿ ಪೂರ್ತಿ ನೆಲ ಮುಟ್ಟಲಿಲ್ಲ, ನಾಲ್ಕು ಬೆರಳು ಮೇಲೆಯೇ ಉಳಿಯಿತು. ಯಾರೂ ಅದನ್ನು ಅಳೆಯಲಿಲ್ಲ. ಮೈದುನ ಎಣ್ಣೆ ಸುರಿದ, ಮಾವನವರು ಮೊದಲ ಬೊಗಸೆ ಕಲಸಿದರು. ನಾನು ಬಾಗಿಲಿನಲ್ಲಿ ಚಪ್ಪಲಿ ಕಾಯುವವನ ಹಾಗೆ ನಿಂತಿದ್ದೆ.

"ಅಲ್ಲೇನ್ ನಿಂತೀಯಲೇ? ಬಾ ಇಲ್ಲಿ!"

ಹಿಂದೆ ತಿರುಗಿ ನೋಡಿದೆ. ನನ್ನ ಹಿಂದೆ ಯಾರೂ ಇರಲಿಲ್ಲ. ಅಂಗಿ ಕಳಚಿ, ಪ್ಯಾಂಟು ಮಡಚಿ, ನನ್ನ ಎಲುಬುಗಳನ್ನೆಲ್ಲ ಸಾರ್ವಜನಿಕರಿಗೆ ತೋರಿಸುತ್ತ ಮಣ್ಣಿಗೆ ಇಳಿದೆ. ಅವರು ನನ್ನ ಹಣೆಗೆ ಮಣ್ಣು ಹಚ್ಚಿದರು. ಆಮೇಲೆ ಹುಡುಗರಿಗೆ, "ಜಪಾನಿನ ಪಟ್ಟ ತೋರಸ್ತೀನಿ ನೋಡ್ರಲೇ" ಎಂದು ಕೂತಲ್ಲಿಂದಲೇ ನನ್ನ ಕಾಲೆಳೆದು ಕೆಡವಿ, ಮಂಡಿಯನ್ನು ತೊಡೆಯ ನಡುವೆ ಸಿಕ್ಕಿಸಿ ಒಂದಿಷ್ಟು ತಿರುವಿದರು. ಪಟ್ಟಿಯಣ್ಣ ಅಷ್ಟು ದೂರ ಹೇಗೆ ತೆವಳಿದನೋ ದೇವರಿಗೇ ಗೊತ್ತು. ನಾನು ಒಂದು ಗೇಣೂ ತೆವಳಲಿಲ್ಲ. ಇದ್ದ ಬಲವನ್ನೆಲ್ಲ ಕೂಡಿಸಿ ಮಣ್ಣಿಗೆ ಪಟಪಟ ಬಡಿದೆ.

ಇಡೀ ಗರಡಿ ಎದ್ದು ನಿಂತಿತು. "ಶಾಬಾಸ್! ಶಡ್ಡ ಹೊಡದ್ರು ಅಳಿಯಾರು! ವಸ್ತಾದರಿಗೇ ಶಡ್ಡ ಹೊಡದ್ರು!" ಹಲಗೆಯವನು ತಡೆಯಲಾರದೆ ಎರಡು ಪೆಟ್ಟು ಹಾಕಿಬಿಟ್ಟ. ಅಲ್ಲಿ ಆ ಬಡಿತದ ಅರ್ಥ ಗೊತ್ತಿದ್ದವರು ಇಬ್ಬರೇ. ಮಾವನವರು ನನ್ನ ಕೈ ಮಣ್ಣಿಗೆ ಬಿದ್ದ ಗಳಿಗೆಯಲ್ಲೇ ಕಾಲು ಬಿಟ್ಟಿದ್ದರು. ಬಿಟ್ಟು, ಎರಡೂ ಕೈ ಮೇಲೆತ್ತಿ, ಬೆದರಿದವರ ಹಾಗೆ ಹಿಂದಕ್ಕೆ ಸರಿದು, "ಸಾಕಪಾ ಮಾರಾಯಾ, ಇಂವಗ ಜಪಾನ ಮೈಯಾಗ ಬಂದೈತಿ!" ಎಂದು ಎಲ್ಲರಿಗೂ ಕೇಳುವಂತೆ ಕೂಗಿದರು. ಬಾಳಿನಲ್ಲಿ ಸುಳ್ಳು ಕುಸ್ತಿ ಕಂಡರೆ ನೀರೂ ಕುಡಿಯದ ಮನುಷ್ಯ ನನಗಾಗಿ ಒಂದು ಸುಳ್ಳು ಸೋಲು ಸೋತರು. ಸುಳ್ಳು ಆಡಲು ಅವರಿಗೆ ಬಹಳ ಚೆನ್ನಾಗಿ ಬರುತ್ತಿತ್ತು.

ಆವತ್ತಿನಿಂದ ಆ ಊರಿನಲ್ಲಿ ನನ್ನನ್ನು ಪೈಲವಾನರು ಅನ್ನುತ್ತಾರೆ. ನಾನು ಬೇಡವೆನ್ನುವುದಿಲ್ಲ. ಸಂಜೆ ಮಾವನ ಮನೆಯಲ್ಲಿ ಸರೋಜಾ ನನ್ನನ್ನು ಮಲಗಿಸಿ ಮಂಡಿಗೆ ಬಿಸಿ ಬಟ್ಟೆಯ ಶಾಖ ಕೊಡುತ್ತ, ಸುತ್ತ ಕೂತಿದ್ದ ಗರಡಿಯ ಹುಡುಗರ ಎದುರಿಗೇ, "ಭಾಳ ನೋವಾಗತೈತೇನ್ರಿ?" ಎಂದು ಕೇಳಿದಳು. ಪೈಲವಾನನ ಮರ್ಯಾದೆ ಇರುತ್ತದಲ್ಲ.

"ಏನಿಲ್ಲ, ಅಗದಿ ಬೇಷ್ ಐತಿ" ಎಂದೆ. ಆಕೆ ಇನ್ನಷ್ಟು ಅದುಮಿದಳು. ನನ್ನ ಕೈ ತನ್ನಷ್ಟಕ್ಕೆ ತಾನೇ ಹೋಗಿ ಮಂಚದ ಪಟ್ಟಿಗೆ ಬಡಿಯಿತು.

ಪಡಸಾಲೆಯಿಂದ ಮಾವನವರ ದನಿ ಬಂತು: "ಬಿಡವಾ ಸರೋಜಾ, ಬಿಡು ಅವನ್ನ."